ನೂರ ಒಂದು ಪೌಂಡಿನ ವಿಚಾರಣೆ

ಕೇಳಿ ಮಾರಾಯ್ರೆ, ನನ್ನ ಕೇಟರಿಂಗ್ ಮುಳುಗಿ ದಿವಾಳಿಯಾದ ಮೇಲೆ ನಾನು ತಿಂಗಳು ತಿಂಗಳು ಕಟ್ಟುವ ಕಂತನ್ನು ಸಾಲ ಕೊಟ್ಟವರಿಗೆ ಹಂಚುವ, ನನ್ನ ಬ್ಯಾಂಕ್ ಖಾತೆಗೆ ಬರುವ ಹಣದ ಮೇಲೂ ಕಣ್ಣಿಡುವ ಕಂಪನಿಯೊಂದು ಇಲ್ಲಿ ಇಂಗ್ಲೆಂಡಿನಲ್ಲಿದೆ. ಇಂದು ಅಲ್ಲಿಂದ ಫೋನ್.

"ಮೇಡಂ, ಕಳೆದ ತಿಂಗಳ ಕಂತು ಬಂದಿಲ್ಲ" ಎಂದ ಅಲ್ಲಿಯ ಮಹಾನುಭಾವ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟ ದಿನಾಂಕ, ರೆಫರೆನ್ಸ್ ನಂಬರ್ ಎರಡನ್ನೂ ಓದಿ ಹೇಳಿದೆ. ಹತ್ತು ನಿಮಿಷ ಸಂಗೀತ ಕೇಳಿಸಿ, "ಓ, ಬೇರೆ ಯಾರದೋ ಹೆಸರಿಗೆ ಜಮೆ ಮಾಡಿದ್ದೇವೆ" ಎಂದ. ಕ್ಷಮೆ ಗಿಮೆ ಏನೂ ಇಲ್ಲ.

"ಅದಿರಲಿ, ನಿಮ್ಮ ಖಾತೆಗೆ ನೂರ ಒಂದು ಪೌಂಡ್ ಬಂದಿದೆಯಲ್ಲ, ಇದು ಯಾವ ಆದಾಯ?"

"ಮಗಳ ಹುಟ್ಟುಹಬ್ಬಕ್ಕೆ ಲೆಸ್ಟರಿನ ದೊಡ್ಡಮ್ಮ ಕೊಟ್ಟ ಉಡುಗೊರೆ."

"ಸರಿ, ನೂರು ಉಡುಗೊರೆ. ಆ ಒಂದು ಪೌಂಡ್ ಯಾತಕ್ಕೆ?"

ಶುಭಕ್ಕೆ ಕೊಡುವ ಹಣ ಸೊನ್ನೆಯಲ್ಲಿ ಮುಗಿಯಬಾರದೆಂದು ವಿವರಿಸಿದೆ. "ಕೊಟ್ಟವರಿಂದ ಪತ್ರ ಬೇಕು" ಎಂದ.

ದೊಡ್ಡಮ್ಮನಿಗೆ ಫೋನ್ ಮಾಡಿದೆ. "ಎಂತ ರಗಳೆ ಮಗಾ ಇದು! ಪತ್ರ ಬರೆದು ಕೊಡ್ತೇನೆ, ನೀನು ಬೇಜಾರು ಮಾಡ್ಬೇಡ" ಎಂದವರು, ನನ್ನ ಸಮಾಧಾನಕ್ಕೆಂದು ಆಗಲೇ ಇನ್ನೊಂದು ನೂರ ಒಂದು ಪೌಂಡ್ ಖಾತೆಗೆ ಹಾಕಿಬಿಟ್ಟರು.

ನಾನು ಕಟ್ಟಿದ ಕಂತು ಕಾಣದ ಆ ಕಣ್ಣುಗಳಿಗೆ ಇದು ಮಾತ್ರ ನಾಳೆ ಬೆಳಿಗ್ಗೆಯೇ ಕಾಣುತ್ತದೆ. ಬೇಕಾದರೆ ಬರೆದಿಟ್ಟುಕೊಳ್ಳಿ.