ಪಿಕಪ್ ಓಡಿಸಲು ಕಲಿತ ಚಳಿಗಾಲ

ಓಲ್ಡ್ ಏರ್‌ಪೋರ್ಟ್ ಬಡಾವಣೆಯಲ್ಲಿ ನಾವಿದ್ದ ವಿಲ್ಲಾವನ್ನು ಕೆಡವುತ್ತಾರೆ ಅಂತ ಗೊತ್ತಾದಾಗ ದೋಹಾದಲ್ಲಿ ಇನ್ನೊಂದು ಬಾಡಿಗೆ ಮನೆ ಸಿಗುವುದು ಕನಸಿನ ಮಾತಾಗಿತ್ತು. ಎರಡು ಸಾವಿರದ ಐದೋ ಆರೋ ಇರಬೇಕು. ಎಲ್ಲಿ ನೋಡಿದರೂ ಕ್ರೇನು, ಅಗೆದ ರಸ್ತೆ, ಧೂಳು. ನಮ್ಮ ವಿಲ್ಲಾವನ್ನು ಪ್ಲೈವುಡ್ ಗೋಡೆ ಹಾಕಿ ನಾಲ್ಕು ಮನೆ ಮಾಡಿದ್ದರು. ಒಂದರಲ್ಲಿ ನಾವಿದ್ದೆವು, ಗೋಡೆಯಾಚೆ ನನ್ನ ಗೆಳತಿ ಮತ್ತು ಅವರ ಗಂಡ. ಅವರು ಉಡುಪಿ ಕಡೆಯವರು, ಮನೆಮಾತು ತುಳು. ನನಗಿಂತ ಏಳೆಂಟು ವರ್ಷ ದೊಡ್ಡವರಾದ್ದರಿಂದ ನಾನು ಅಕ್ಕ ಅನ್ನುತ್ತಿದ್ದೆ. ನಾವು ಮೈಸೂರಿನವರು, ಮದುವೆಯಾಗಿ ಎರಡು ವರ್ಷವೂ ಆಗಿರಲಿಲ್ಲ. ಇಬ್ಬರ ಗಂಡಂದಿರೂ ಒಂದೇ ಕಂಪನಿಯಲ್ಲಿದ್ದರು.

ಕಂಪನಿಯವರು ಅಲ್ ಸದ್ದ್ ಬಡಾವಣೆಯ ಹೊಸ ಕಟ್ಟಡದಲ್ಲಿ ಫ್ಲ್ಯಾಟ್ ಕೊಡುತ್ತೇವೆ ಅಂದಿದ್ದರು. ಆದರೆ ಆ ಕಟ್ಟಡಕ್ಕೆ ಇನ್ನೂ ಲಿಫ್ಟೂ ಇರಲಿಲ್ಲ, ನೀರೂ ಇರಲಿಲ್ಲ. ಮಾರ್ಚಿಗೆ ಆಗುತ್ತದೆ ಎಂದರು. ಅಲ್ಲಿಯವರೆಗೆ ಎಲ್ಲಿರುವುದು ಅಂತ ನಾವು ತಲೆ ಕೆಡಿಸಿಕೊಂಡಿದ್ದಾಗ ಕಂಪನಿಯ ಅರಬ್ಬಿ ಮಾಲೀಕರೇ ದಾರಿ ತೋರಿಸಿದರು. ಪ್ರತಿ ಚಳಿಗಾಲದಲ್ಲಿ ಇಲ್ಲಿನವರು ಮರುಭೂಮಿಯಲ್ಲೋ ಕಡಲ ದಂಡೆಯಲ್ಲೋ ಡೇರೆ ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಾರೆ. ಮಾಲೀಕರೂ ಮೆಸಯೀದ್ ಅನ್ನುವ ಊರಿನ ಆಚೆ, ಮರಳುದಿಬ್ಬಗಳು ಸಮುದ್ರಕ್ಕೆ ಇಳಿಯುವ ಕಡೆ, ಎರಡು ಕ್ಯಾರವಾನ್ ನಿಲ್ಲಿಸಿ, ನಡುವೆ ದೊಡ್ಡ ಡೇರೆ ಹಾಕಿಸಿದ್ದರು. ಅಷ್ಟರಲ್ಲಿ ಅವರ ತಾಯಿಗೆ ಕಾಯಿಲೆಯಾಗಿ ವಿದೇಶಕ್ಕೆ ಕರೆದುಕೊಂಡು ಹೊರಟರು. "ಖಲಾಸ್, ಈ ವರ್ಷ ನೀವೇ ಇರಿ" ಅಂದುಬಿಟ್ಟರು.

ಸಾಮಾನೆಲ್ಲ ಕಂಪನಿಯ ಗೋದಾಮಿಗೆ ಹೋಯಿತು. ಒಂದು ಕುಕ್ಕರು, ಮಿಕ್ಸಿ, ನಾಲ್ಕು ಜೊತೆ ಬಟ್ಟೆ, ದೇವರ ಫೋಟೋ ಹಿಡಿದುಕೊಂಡು ನಾವು ಕಡಲ ದಂಡೆಗೆ ಹೊರಟೆವು.

ಮೊದಲ ವಾರ ಹಬ್ಬವೇ. ಕ್ಯಾರವಾನಿನ ಬಾಗಿಲು ತೆಗೆದರೆ ನೀಲಿ ನೀರು. ಬಿಸಿಲು ಎಳೆಯದು, ಮೈಸೂರಿನ ಜನವರಿಯ ಬಿಸಿಲಿನ ಹಾಗೆ. ಡೇರೆಯ ಜಮಖಾನದ ಮೇಲೆ ಕೂತು ನಾಲ್ಕೂ ಜನ ಉಪ್ಪಿಟ್ಟು ತಿನ್ನುತ್ತಿದ್ದೆವು. ಆಮೇಲೆ ಗಂಡಸರು ಬೆಳಕು ಹರಿಯುವ ಮುಂಚೆ ದೋಹಾಕ್ಕೆ ಹೊರಡುವುದು, ಕತ್ತಲಾದ ಮೇಲೆ ಮರಳಿ ಬರುವುದು ಶುರುವಾಯಿತು. ಹಗಲಿಡೀ ನಾವಿಬ್ಬರೇ.

ನನ್ನ ಕೈಕಾಲು ಸುಮ್ಮನಿರಲಿಲ್ಲ. ಎರಡೂ ಕೈ ಚಾಚಿದರೆ ಎರಡೂ ಗೋಡೆ ಮುಟ್ಟುವಂಥ ಮನೆಯಲ್ಲಿ ಎಷ್ಟು ಹೊತ್ತು ಕೆಲಸ ಇರುತ್ತದೆ? ಗುಡಿಸಿದ ಮರಳು ಅರ್ಧ ಗಂಟೆಯಲ್ಲಿ ಮತ್ತೆ ಒಳಗೆ. ದೋಸೆ ಹಿಟ್ಟು ಚಳಿಗೆ ಉಬ್ಬುತ್ತಿರಲಿಲ್ಲ, ಅದಕ್ಕೆ ಕಂಬಳಿ ಹೊದಿಸುತ್ತಿದ್ದೆ, ತೆಗೆದು ನೋಡುತ್ತಿದ್ದೆ, ಮತ್ತೆ ಹೊದಿಸುತ್ತಿದ್ದೆ. ಊರಲ್ಲಿ ಕೆಲಸ ಬಿಟ್ಟು ಬಂದವಳು ನಾನು. ಇಲ್ಲಿ ಏನಾದರೂ ಹುಡುಕಿಕೊಳ್ಳಬೇಕು ಅನ್ನುವಾಗಲೇ ಮನೆ ಹೋಗಿ, ಹೀಗೆ ಮರಳಲ್ಲಿ ಬಂದು ಬಿದ್ದಿದ್ದೆ. ನೀರಿನವರೆಗೂ ನಡೆಯುವುದು, ವಾಪಸು ಬರುವುದು, ಮತ್ತೆ ನಡೆಯುವುದು.

ಅಕ್ಕ ಹಾಗಲ್ಲ. ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಸಮುದ್ರಕ್ಕೆ ಮುಖ ಮಾಡಿ ಬೆಳ್ಳುಳ್ಳಿ ಸುಲಿಯುತ್ತಾ ಕೂತರೆ ಕೂತೇಬಿಟ್ಟರು.

"ಒಂದು ಕಡೆ ಕೂತ್ಕೊಳ್ಳಿಕ್ಕೆ ಎಂತ ಕಷ್ಟ ಮಾರಾಯ್ತಿ ನಿನಗೆ? ನೋಡಿಯೇ ನನಗೆ ತಲೆ ತಿರುಗ್ತದೆ" ಅನ್ನುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು. ಮುಂದಿನ ಓದಿಗೆ ಅನುಕೂಲ ಅಂತ ಆ ವರ್ಷವೇ ಅವಳನ್ನು ಮಂಗಳೂರಿನಲ್ಲಿ ಹಾಸ್ಟೆಲಿಗೆ ಸೇರಿಸಿದ್ದರು. ಅದು ಅವರ ಯಜಮಾನರ ತೀರ್ಮಾನ. ಅಕ್ಕ ಅದರ ಬಗ್ಗೆ ಮಾತಾಡುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಅವರು ಸಮಾಧಾನದ ಮನುಷ್ಯೆ ಅಂತಲೇ ನನ್ನ ಎಣಿಕೆ.

ಡೇರೆಯ ಹಿಂದೆ ಮಾಲೀಕರ ಒಂದು ಹಳೇ ಬಿಳಿ ಪಿಕಪ್ ನಿಂತಿತ್ತು. ನೀರು, ಸೌದೆ ತರಲಿಕ್ಕೆ ಅಂತ ಇಟ್ಟದ್ದು. ಕೀಲಿ ಅಡುಗೆಯ ಮೂಲೆಯಲ್ಲಿ ಮೊಳೆಗೆ ನೇತಾಡುತ್ತಿತ್ತು. ಡಿಸೆಂಬರಿನ ಒಂದು ಬೆಳಿಗ್ಗೆ ನಾನು ದಂಡೆಗೆ ಹೋಗಿ ಬಂದು ಮತ್ತೆ ಹೊರಟಿದ್ದೆ. ಅಕ್ಕ ಎದ್ದು ಸೆರಗು ಸಿಕ್ಕಿಸಿಕೊಂಡು ಆ ಕೀಲಿ ತೆಗೆದರು.

"ಬಾ, ಇದನ್ನು ಒಮ್ಮೆ ಸ್ಟಾರ್ಟ್ ಮಾಡುವ."

"ಅಕ್ಕ, ನಿಮಗೆ ಬರುತ್ತಾ?"

"ಇಲ್ಲಪ್ಪ. ಇಲ್ಲಿ ಯಾರಿಗೆ ಗುದ್ದಲಿಕ್ಕುಂಟು, ಹೇಳು? ಮರಳಿಗಾ?"

ನಾನು ಮೈಸೂರಿನಲ್ಲಿ ಸ್ಕೂಟರ್ ಓಡಿಸಿದವಳು. ಕ್ಲಚ್ಚು, ಗೇರು ಗಂಡ ಓಡಿಸುವಾಗ ನೋಡಿ ಗೊತ್ತಿತ್ತು ಅಷ್ಟೆ. ನಾನೇ ಸ್ಟಿಯರಿಂಗ್ ಹಿಡಿದೆ. ಗಾಡಿ ಕಪ್ಪೆಯ ಹಾಗೆ ಎರಡು ಸಲ ಹಾರಿ ನಿಂತಿತು. ಮತ್ತೆ ಸ್ಟಾರ್ಟ್ ಮಾಡಿದೆವು, ಮತ್ತೆ ಹಾರಿತು. ಮೂರನೆಯ ಸಲ ನಿಜಕ್ಕೂ ಚಲಿಸಿತು. ಇಬ್ಬರೂ ಕೂಗಿಕೊಂಡೆವು. ದಿಬ್ಬದ ಬುಡದಲ್ಲಿ ಮೆತ್ತನೆಯ ಮರಳಿಗೆ ಹಿಂದಿನ ಚಕ್ರಗಳು ಇಳಿದವು. ನಾನು ಆಕ್ಸಿಲರೇಟರ್ ಒತ್ತಿದಷ್ಟೂ ಗುಂಡಿ ಆಳವಾಯಿತು.

ಕೈಯಲ್ಲಿ ಮರಳು ತೋಡುತ್ತಾ ಕೂತಿದ್ದಾಗ ಇನ್ನೊಂದು ಪಿಕಪ್ ಬಂತು. ಹಿಂದೆ ಮೂರು ಆಡು, ಹುಲ್ಲಿನ ಹೊರೆ. ಇಳಿದವಳು ಒಬ್ಬ ಅರಬ್ಬಿ ಮುದುಕಿ. ಮೈತುಂಬ ಕಪ್ಪು ಅಬಾಯ, ಮೂಗಿನ ಮೇಲೆ ಹಳೆಯ ಕಾಲದ ಹೆಂಗಸರು ಹಾಕುವ ಹೊಳೆಯುವ ಮುಖಪಟ್ಟಿ. ಪಕ್ಕದ ಡೇರೆಯವಳು, ಗಂಡುಮಕ್ಕಳು ಶುಕ್ರವಾರ ಮಾತ್ರ ಬರುತ್ತಾರೆ, ಉಳಿದ ದಿನ ಅವಳೂ ಆಡುಗಳೂ ಅಷ್ಟೇ ಅಂತ ಆಮೇಲೆ ಗೊತ್ತಾಯಿತು. ನಮ್ಮ ಕಡೆ ನೋಡಿದಳು, ಚಕ್ರದ ಕಡೆ ನೋಡಿದಳು, ಮೊಣಕಾಲೂರಿ ಕೂತು ಒಂದು ಕಡ್ಡಿಯಿಂದ ಟೈರಿನ ಗಾಳಿ ಬಿಡತೊಡಗಿದಳು.

"ಹವಾ ಕಮ್" ಅಂದಳು ಹಿಂದಿಯಲ್ಲಿ. "ರಮಲ್ ಮೇ ಹವಾ ಕಮ್. ಯಲ್ಲಾ, ಬಿಂತ್!"

ರಮಲ್ ಅಂದರೆ ಮರಳು, ಯಲ್ಲಾ ಅಂದರೆ ಹೊರಡಿ, ಬಿಂತ್ ಅಂದರೆ ಮಗಳು. ನಾವಿಬ್ಬರೂ ಅವಳಿಗೆ ಬಿಂತ್ ಆದೆವು. ಗಾಳಿ ಇಳಿಸಿದ ಗಾಡಿ ನಿಧಾನವಾಗಿ ಮೇಲೆದ್ದು ಬಂತು. ಮರುದಿನ ಹತ್ತು ಗಂಟೆಗೆ ಅವಳೇ ಬಂದು ಹಾರನ್ ಹೊಡೆದಳು.

ಹೀಗೆ ಶುರುವಾದ ಪಾಠ ಸುಮಾರು ದಿನ ನಡೆಯಿತು. ದಿಬ್ಬವನ್ನು ನೇರ ಹತ್ತಬೇಕು, ಓರೆಯಾಗಿ ಹೋದರೆ ಮಗುಚುತ್ತದೆ. ನೀರಿನ ಹತ್ತಿರದ ಬೆಳ್ಳನೆಯ ನೆಲ ಗಟ್ಟಿ ಕಂಡರೂ ಒಳಗೆ ಕೆಸರು. ಇದನ್ನೆಲ್ಲ ಅವಳು ಕೈಸನ್ನೆ, ಬೈಗುಳ, ಅರ್ಧ ಹಿಂದಿಯಲ್ಲಿ ಹೇಳಿಕೊಟ್ಟಳು. ನನಗಿಂತ ಅಕ್ಕನಿಗೆ ಬೇಗ ಒಗ್ಗಿತು. ನಾನು ಅವಸರದವಳು, ಗಾಡಿ ಹೊರಟ ಮೇಲೆ ಮುಂದಿನ ತಿರುವು ನೆನೆಸಿಕೊಂಡು ಈಗಿನದನ್ನು ತಪ್ಪಿಸುತ್ತಿದ್ದೆ. ಅಕ್ಕ ಗೇರು ಬದಲಿಸಿದರೆ ಗೊತ್ತೇ ಆಗುತ್ತಿರಲಿಲ್ಲ. ಗಂಡಂದಿರಿಗೆ ನಾವು ಹೇಳಿರಲಿಲ್ಲ, ಸಂಜೆಯ ಗಾಳಿ ಚಕ್ರದ ಗುರುತುಗಳನ್ನು ಅಳಿಸುತ್ತಿತ್ತು. ರಜೆಯ ದಿನ ಗಂಡಸರು ಕಂಪನಿಯ ಗಾಡಿಯಲ್ಲಿ ನಮ್ಮನ್ನು ಕೂರಿಸಿಕೊಂಡು ದಿಬ್ಬ ಹತ್ತಿಸುವಾಗ ನನ್ನವರು "ಹೆದರ್ಕೋಬೇಡ ಕಣೆ, ಗಟ್ಟಿಯಾಗಿ ಹಿಡ್ಕೋ" ಅನ್ನುವರು. ಹಿಂದಿನ ಸೀಟಿನಿಂದ ಅಕ್ಕ ನನ್ನ ಸೊಂಟಕ್ಕೆ ತಿವಿಯುವರು.

ಆದರೆ ಓಡಿಸಲು ಬಂದ ಮೇಲೆ ನನ್ನ ಚಡಪಡಿಕೆ ಇನ್ನೂ ಹೆಚ್ಚಿತು. ಅದೇ ದಂಡೆ, ಅದೇ ದಿಬ್ಬ, ಗಾಡಿ ತಿರುಗಿಸಿ ಮತ್ತೆ ಡೇರೆಗೆ. ಟಾರು ರಸ್ತೆ ದೂರದಲ್ಲಿ ಗೆರೆಯ ಹಾಗೆ ಕಾಣುತ್ತಿತ್ತು. ಲೈಸೆನ್ಸ್ ಇಲ್ಲದೆ ಅಲ್ಲಿಗೆ ಹೋಗುವಂತಿಲ್ಲ ಅಂತ ಇಬ್ಬರಿಗೂ ಗೊತ್ತಿತ್ತು.

ಮೊಬೈಲಿಗೆ ಸಿಗ್ನಲ್ ಸಿಗುತ್ತಿದ್ದದ್ದು ದಿಬ್ಬದ ತುದಿಯಲ್ಲಿ ಮಾತ್ರ. ಭಾನುವಾರ ಹಾಸ್ಟೆಲಿನಲ್ಲಿ ಮಕ್ಕಳಿಗೆ ಫೋನ್ ಕೊಡುತ್ತಿದ್ದರು. ಜನವರಿಯ ಒಂದು ಭಾನುವಾರ ಅಕ್ಕನ ಜೊತೆ ನಾನೂ ಹತ್ತಿದ್ದೆ. ಅಕ್ಕ ತುಳುವಿನಲ್ಲಿ ಏನೋ ಕೇಳಿದರು, ಇನ್ನೇನೋ ಕೇಳಿದರು, ಆಮೇಲೆ ಫೋನನ್ನೇ ನೋಡುತ್ತಾ ನಿಂತರು.

"ಏನಂತೆ ಅಕ್ಕ?"

"ಫ್ರೆಂಡ್ಸ್ ಕಾಯ್ತಾ ಇದ್ದಾರಂತೆ, ಇಡ್ತೇನೆ ಅಂದಳು." ಇಳಿಯುವಾಗ ಚಪ್ಪಲಿ ಕೈಯಲ್ಲಿ ಹಿಡಿದುಕೊಂಡರು. "ಒಳ್ಳೇದೇ ಅಲ್ವಾ. ಹೊಂದ್ಕೊಂಡಿದ್ದಾಳೆ."

ಮರುದಿನ ಊಟವಾದ ಮೇಲೆ ನನಗೆ ಜೋಂಪು ಹತ್ತಿತ್ತು. ಎಚ್ಚರವಾದಾಗ ಪಿಕಪ್ ಇರಲಿಲ್ಲ. ಅಕ್ಕನೂ ಇರಲಿಲ್ಲ. ಕುರ್ಚಿಯ ಪಕ್ಕ ಅರ್ಧ ಸುಲಿದ ಬೆಳ್ಳುಳ್ಳಿಯ ತಟ್ಟೆ. ಒಂದು ಸುತ್ತು ಹೋಗಿರಬೇಕು ಅಂದುಕೊಂಡೆ. ತಾಸು ಕಳೆಯಿತು. ಕೂತೆ, ಎದ್ದೆ, ದಿಬ್ಬ ಹತ್ತಿ ಫೋನ್ ಮಾಡಿದೆ, ಸಿಗಲಿಲ್ಲ. ಇಳಿದು ಬಂದು ನೋಡಿದರೆ ಅವರ ಫೋನು ಕ್ಯಾರವಾನಿನೊಳಗೇ ಬಿದ್ದಿತ್ತು. ಗಂಡನಿಗೆ ಹೇಳಲೇ, ಬೇಡವೇ? ಹೇಳಿದರೆ ಎಲ್ಲವೂ ಹೊರಗೆ ಬರುತ್ತದೆ. ಕೊನೆಗೆ ಮುದುಕಿಯ ಡೇರೆಗೆ ಓಡಿದೆ.

ಅವಳು ಗಾಬರಿಯಾಗಲಿಲ್ಲ. ನನ್ನನ್ನು ಕೂರಿಸಿಕೊಂಡು ಚಕ್ರದ ಗುರುತು ಹಿಡಿದು ಗಾಡಿ ಬಿಟ್ಟಳು. ಗುರುತು ಸೀದಾ ಟಾರು ರಸ್ತೆಗೆ ಹೋಗಿ ಮುಗಿದಿತ್ತು. ಅಲ್ಲೇ ನಿಲ್ಲಿಸಿ, ಫ್ಲಾಸ್ಕಿನಿಂದ ಏಲಕ್ಕಿಯ ಕಹಿ ಕಾಫಿ ಬಗ್ಗಿಸಿ ನನ್ನ ಕೈಗಿಟ್ಟಳು.

"ಆಯೇಗಾ" ಅಂದಳು.

ಲಾರಿಗಳು ಹೋದವು. ಬಿಳಿ ಗಾಡಿ ಕಂಡಾಗಲೆಲ್ಲ ನಾನು ಇಳಿದು ನಿಲ್ಲುತ್ತಿದ್ದೆ. ಪೊಲೀಸರು ಹಿಡಿದರೋ, ಎಲ್ಲಾದರೂ ಗುದ್ದಿದರೋ, ಬರುವುದೇ ಇಲ್ಲವೋ. ಸೂರ್ಯ ದಿಬ್ಬದ ಹಿಂದೆ ಹೋಗುವ ಹೊತ್ತಿಗೆ ನಮ್ಮ ಪಿಕಪ್ ಬಂತು, ನಿಧಾನವಾಗಿ, ಇಂಡಿಕೇಟರ್ ಹಾಕಿಕೊಂಡು. ಅಕ್ಕ ಇಳಿದರು. ಮುಖ ಬಿಳಿಚಿತ್ತು.

"ಎಲ್ಲಿಗೆ ಹೋಗಿದ್ರಿ? ನನಗೊಂದು ಮಾತು ಹೇಳೋಕಾಗ್ಲಿಲ್ವಾ?" ನಾನು ಕಿರುಚಿಬಿಟ್ಟೆ.

"ಏರ್‌ಪೋರ್ಟಿಗೆ."

"ಏರ್‌ಪೋರ್ಟಿಗಾ!"

"ಪಾಸ್‌ಪೋರ್ಟ್ ಇವ್ರ ಆಫೀಸಲ್ಲಿ ಉಂಟು, ಟಿಕೆಟ್ ಇಲ್ಲ. ಎಲ್ಲ ಗೊತ್ತುಂಟು ನನಗೆ. ಆದ್ರೂ ಹೊರಟೆ. ಮೆಸಯೀದ್ ದಾಟಿ ಪೆಟ್ರೋಲ್ ಪಂಪಿನವರೆಗೆ ಹೋದೆ. ಅಲ್ಲಿಂದ ಮುಂದೆ ಕೈಯೇ ಆಡ್ಲಿಲ್ಲ. ಒಂದು ಚಾ ಕುಡ್ದು ಸುಮಾರು ಹೊತ್ತು ಕೂತೆ."

ಒಂದು ಕಡೆ ಕೂರಲಾಗದವಳು ನಾನೊಬ್ಬಳೇ ಅಂದುಕೊಂಡಿದ್ದೆ. ಸಿಟ್ಟು ಇಳಿಯಲಿಲ್ಲ. ಅವರು ಹೋದದ್ದಕ್ಕಲ್ಲ, ನನ್ನನ್ನು ಬಿಟ್ಟು ಹೋದದ್ದಕ್ಕೆ. ಮುದುಕಿಗೆ ಮಾತು ತಿಳಿಯಲಿಲ್ಲ, ಆದರೆ ಅಕ್ಕನ ತಲೆಯನ್ನು ಹಿಡಿದು ತನ್ನ ಭುಜಕ್ಕೆ ಒತ್ತಿಕೊಂಡಳು. ಆಗ ಅಕ್ಕ ಅತ್ತರು.

ಮುಚ್ಚಿಡೋಣ ಅಂತ ನಾನು. ಅಕ್ಕ ಕೇಳಲಿಲ್ಲ. ಊಟಕ್ಕೆ ಕೂತಾಗ ಅನ್ನ ಬಡಿಸುತ್ತಲೇ ಗಂಡನಿಗೆ ಎಲ್ಲವನ್ನೂ ಹೇಳಿದರು. ಅವರ ಯಜಮಾನರು ತಟ್ಟೆ ಪಕ್ಕಕ್ಕೆ ಸರಿಸಿ ಕೇಳಿದ್ದು ಇಷ್ಟೇ:

"ಗೇರ್ ಹಾಕ್ಲಿಕ್ಕೆ ಯಾವಾಗ ಕಲ್ತದ್ದು ನೀನು?"

ನನಗೆ ನಗು ಬಂತು, ಬಾಯಿ ಮುಚ್ಚಿಕೊಂಡು ಹೊರಗೆ ಹೋದೆ. ಆಮೇಲೆ ಅವರ ಕ್ಯಾರವಾನಿನಿಂದ ತುಳುವಿನಲ್ಲಿ ಜಗಳ ಕೇಳಿಸಿತು. ಮೂರು ನಾಲ್ಕು ದಿನ ನಡೆಯಿತು ಆ ಜಗಳ, ಒಮ್ಮೆ ಜೋರಾಗಿ, ಒಮ್ಮೆ ಪಿಸುಮಾತಲ್ಲಿ. ನನ್ನ ಗಂಡ ಪಿಕಪ್ಪಿನ ಕೀಲಿಯನ್ನು ಆಫೀಸಿಗೆ ತೆಗೆದುಕೊಂಡು ಹೋಗತೊಡಗಿದರು. "ಏನಾದ್ರೂ ಆಗಿದ್ರೆ ಜೈಲು ಕಣೆ" ಅಂದರು. ಸರಿಯೇ. ಆದರೂ ಆ ಖಾಲಿ ಮೊಳೆ ಕಂಡರೆ ನನಗೆ ಮೈ ಉರಿಯುತ್ತಿತ್ತು. ಕ್ಯಾಂಪು ಏಳುವವರೆಗೂ ನಾನು ದಂಡೆಯಲ್ಲಿ ನಡೆದೇ ನಡೆದೆ.

ಕೊನೆಗೆ ತೀರ್ಮಾನವಾದದ್ದು ಹೀಗೆ: ಅಕ್ಕ ಮಂಗಳೂರಿಗೆ ಹೋಗುವುದು, ಶಾಲೆಯ ಹತ್ತಿರ ಬಾಡಿಗೆ ಮನೆ ಹಿಡಿಯುವುದು, ಯಜಮಾನರು ದೋಹಾದಲ್ಲೇ ನಜ್ಮಾ ಬಡಾವಣೆಯಲ್ಲಿ ನಾಲ್ಕು ಜನರ ಜೊತೆ ರೂಮಿನಲ್ಲಿರುವುದು. ಹೊರಡುವ ಮುಂಚೆ ಮುದುಕಿಗೆ ಹೇಳಿ ಬರಲು ಹೋದೆವು. ಅವಳು ಒಂದು ಆಡನ್ನು ಕೊಡಲು ನೋಡಿದಳು. ಬೇಡ ಅನ್ನಲು ನಮಗೆ ಸಾಕುಬೇಕಾಯಿತು.

ಮಾರ್ಚಿನಲ್ಲಿ ಅಲ್ ಸದ್ದಿನ ಫ್ಲ್ಯಾಟು ಸಿಕ್ಕಿತು, ಆರನೇ ಮಹಡಿ. "ಇಲ್ಲಿ ಎಲ್ಲಾ ಹತ್ತಿರ, ನಿನಗ್ಯಾಕೆ ಲೈಸೆನ್ಸು?" ಅಂದರು ಗಂಡ. ನಾನು ವಾರದೊಳಗೆ ಡ್ರೈವಿಂಗ್ ಸ್ಕೂಲಿಗೆ ಸೇರಿದೆ. ಪಾರ್ಕಿಂಗಿನಲ್ಲಿ ಎರಡು ಸಲ ಫೇಲಾದೆ. ಮೂರನೆಯ ಸಲ ಪರೀಕ್ಷೆ ಮಾಡುವಾಕೆ ನನ್ನ ಸ್ಟಿಯರಿಂಗ್ ಹಿಡಿತ ನೋಡಿ, ಎಲ್ಲಿ ಕಲಿತೆ ಅಂತ ಕೇಳಿದಳು. ಸ್ಕೂಲಿನಲ್ಲಿ ಅಂದೆ, ಪಾಸೂ ಆದೆ.

ಅಕ್ಕನ ಫೋನು ಜೂನಿನಲ್ಲಿ ಬಂತು. ಮಗಳು ಹಾಸ್ಟೆಲ್ ಬಿಟ್ಟು ಬರಲು ಒಪ್ಪಿರಲಿಲ್ಲವಂತೆ. ಗೆಳತಿಯರನ್ನು ಬಿಟ್ಟು ಬರುವುದಿಲ್ಲ ಅಂತ ಅತ್ತಳಂತೆ. ಮನೆಗೆ ಬಂದ ಮೇಲೂ ತಿಂಗಳುಗಟ್ಟಲೆ ನೆಟ್ಟಗೆ ಮಾತಾಡಲಿಲ್ಲವಂತೆ.

"ಮತ್ತೆ ಏನ್ ಮಾಡ್ತೀರಿ ಅಕ್ಕ?"

"ಎಂತ ಮಾಡುದು. ಅವಳಿಗೆ ನಾನು ಬೇಡ ಇತ್ತು, ನನಗೆ ಅವಳು ಬೇಕಿತ್ತು. ಈಗ ಸಂಜೆ ಕರೀಲಿಕ್ಕೆ ಹೋದ್ರೆ ಗೇಟಿನ ಹತ್ರ ಬಾ, ಒಳಗೆ ಬರ್ಬೇಡ ಅಂತಾಳೆ. ಗೇಟಿನ ಹತ್ರ ನಿಲ್ತೇನೆ."

ಅವರ ದನಿಯಲ್ಲಿ ದುಃಖವಿರಲಿಲ್ಲ. ಹಿಂದಿನಿಂದ ಒಂದು ಹುಡುಗಿಯ ದನಿ "ಅಮ್ಮಾ, ಹಸಿವಾಗ್ತದೆ" ಅಂದಿತು. ಅಕ್ಕ "ಬಂದೆ, ಬಂದೆ" ಅಂದು ನನಗೆ ಹೇಳದೆಯೇ ಫೋನ್ ಇಟ್ಟುಬಿಟ್ಟರು.