ಹೊಲದ ಕೆಲಸ ಎಂದವಳು ನಾನು

ಆ ದಿನ ಕಾರ್ಮಿಕ ಅಧಿಕಾರಿಯ ಮುಂದೆ ಸುಳ್ಳು ಹೇಳಿದವಳು ಗಂಗಿಬಾಯಿಯಲ್ಲ. ನಾನು. ನಮ್ಮ ಬೀಜದ ಶೆಡ್ಡಿನಲ್ಲಿ ದುಡಿದ ಹೆಂಗಸರೆಲ್ಲ ಇಷ್ಟು ವರ್ಷ ಅವಳ ಹೆಸರನ್ನೇ ಹೇಳಿಕೊಂಡು ಬಂದಿದ್ದರು. ಅವರು ಹಾಗೆ ಹೇಳುವಾಗ ನಾನು ಅಲ್ಲೇ ಇದ್ದೆ — ಎಷ್ಟೋ ಸಲ ಪಕ್ಕದಲ್ಲೇ ಇದ್ದೆ — ಮತ್ತು ಸುಮ್ಮನಿದ್ದೆ.

ನನ್ನ ಹೆಸರು ಭಾಗ್ಯ. ತವರು ಜಗಳೂರು, ಮದುವೆಯಾಗಿ ಹೊನ್ನಾಳಿಗೆ ಬಂದವಳು. ಶೆಡ್ಡು ಇರುವುದು ಹೊನ್ನಾಳಿಯಿಂದ ನ್ಯಾಮತಿಗೆ ಹೋಗುವ ದಾರಿಯಲ್ಲಿ. ಅಲ್ಲಿ ಮೆಕ್ಕೆಜೋಳದ ಬಿತ್ತನೆ ಬೀಜ ತಯಾರಾಗುತ್ತದೆ. ತೆನೆಗಳು ಬೆಲ್ಟಿನ ಮೇಲೆ ಹರಿದು ಬರುತ್ತವೆ. ಹೆಂಗಸರು ಎರಡೂ ಬದಿಗೆ ನಿಂತು ಹುಳ ತಿಂದದ್ದು, ಬೂಷ್ಟು ಹಿಡಿದದ್ದು ಆರಿಸಿ ಎಸೆಯಬೇಕು. ಇಲ್ಲಿನ ಸುಗ್ಗಿ ಮುಗಿದರೂ ಬೇರೆ ಕಡೆಯಿಂದ ಲೋಡು ಬರುತ್ತಲೇ ಇರುತ್ತದೆ. ವರ್ಷವಿಡೀ ಮಿಷನ್ ಮುಂದಿನ ಕೆಲಸ. ಕೂಲಿ ಮಾತ್ರ ಹೊಲದ ಕೂಲಿ.

ಗಂಗಿಬಾಯಿ ಸೂರಗೊಂಡನಕೊಪ್ಪದ ಹತ್ತಿರದ ತಾಂಡಾದವಳು. ನಮ್ಮೆಲ್ಲರಿಗಿಂತ ಹಿರಿಯಳು, ವಿಧವೆ. ಮನೆಯಲ್ಲಿ ಲಂಬಾಣಿ ಮಾತು. ಕನ್ನಡ ಬರುತ್ತಿತ್ತು, ಆದರೆ ತನ್ನದೇ ರೀತಿಯಲ್ಲಿ. "ಬಸ್ಸು ಬಂದಾಳೆ" ಎನ್ನುವಳು, "ಮಳೆ ಹೋದಾನೆ" ಎನ್ನುವಳು. ನಾವು ನಕ್ಕರೆ ತಾನೂ ನಗುವಳು. ನಾನು ಬಸುರಿಯಾಗಿದ್ದಾಗ ಕಾಲು ಬಾತು ನಿಲ್ಲಲು ಆಗುತ್ತಿರಲಿಲ್ಲ. ಸೂಪರ್‌ವೈಸರ್ ಕೂರಲು ಬಿಡಲಿಲ್ಲ. ಗಂಗಿಬಾಯಿ ಒಂದು ಮರದ ಪೆಟ್ಟಿಗೆ ಎಳೆದು ತಂದು, ನನ್ನ ಭುಜ ಹಿಡಿದು ಕೂರಿಸಿ, ಅವನ ಕಡೆ ತಿರುಗಿ, "ಇವಳ ತೆನೆನೂ ನಾನೇ ಆರಿಸ್ತೀನಿ. ಏನ್ ಮಾಡ್ತೀ ಮಾಡು" ಎಂದಳು. ಆ ತಿಂಗಳೆಲ್ಲ ಎರಡಾಳಿನ ಕೆಲಸ ಮಾಡಿದಳು. ಇದನ್ನು ಬರೆಯುವುದು — ನಾನು ಯಾರಿಗೆ ದ್ರೋಹ ಮಾಡಿದೆ ಎಂಬುದು ನಿಮಗೆ ಗೊತ್ತಿರಲಿ ಎಂದು.

ಮಗು ಹುಟ್ಟಿ ಮತ್ತೆ ಕೆಲಸಕ್ಕೆ ಸೇರಿದ ಮೇಲೆ ಒಮ್ಮೆ ತವರಿಗೆ ಹೋಗಿದ್ದೆ. ನಮ್ಮ ಮಾಲೀಕನದೇ ಇನ್ನೊಂದು ಶೆಡ್ಡು ಜಗಳೂರಿನಲ್ಲಿದೆ. ನನ್ನ ದೊಡ್ಡಪ್ಪನ ಮಗಳು ನಾಗವೇಣಿ ಅಲ್ಲಿ ಇದೇ ಕೆಲಸ ಮಾಡುತ್ತಿದ್ದಳು. ಮಾತಿನ ನಡುವೆ ನನ್ನ ಕೂಲಿ ಹೇಳಿದೆ. ಅವಳು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದಳು.

"ನಿಮಗಿನ್ನೂ ಹೊಲದ ಕೂಲೀನೇ ಐತೇನೆ? ನಮಗೆ ಯಾವತ್ತೋ ಏರಿಸ್ಯಾರೆ. ನಾವೆಲ್ಲ ಹೋಗಿ ಅರ್ಜಿ ಕೊಟ್ವಿ. ಆಫೀಸರ್ ಬಂದು ನೋಡಿ, ಇದು ಮಿಷನ್ ಕೆಲಸ, ಇದರ ರೇಟು ಬ್ಯಾರೆ ಅಂದ್ರು."

ಸರ್ಕಾರ ಕನಿಷ್ಠ ಕೂಲಿಯನ್ನು ಕಸುಬಿಗೊಂದು, ಪ್ರದೇಶಕ್ಕೊಂದು ಎಂದು ನಿಗದಿ ಮಾಡುತ್ತದೆಂದು ನನಗೆ ತಿಳಿದದ್ದು ಆಗಲೇ. ನಮ್ಮ ಮ್ಯಾನೇಜರ್ ಯಾವಾಗಲೂ ಹೇಳುತ್ತಿದ್ದುದು ಬೇರೆ. "ಜಗಳೂರು ಒಣ ಸೀಮೆ, ಅಲ್ಲಿ ಇನ್ನೂ ಕಮ್ಮಿ. ಹೊಳೆ ದಂಡೆಯವರು ನೀವು ಪುಣ್ಯವಂತರು" ಎನ್ನುತ್ತಿದ್ದ. ನಾವು ನಂಬಿದ್ದೆವು. ಅದೇ ಮಾಲೀಕ, ಅದೇ ತೆನೆ, ಅದೇ ಬೆಲ್ಟು — ನಡುವೆ ಒಂದು ಬಸ್ ಪ್ರಯಾಣ, ಅಷ್ಟೆ.

ಈ ಸುದ್ದಿಯನ್ನು ಶೆಡ್ಡಿಗೆ ತಂದವಳೂ ನಾನೇ. ಬೆಂಕಿ ಹಚ್ಚಿದವಳು ನಾನು, ಮೊದಲು ಓಡಿದವಳೂ ನಾನು.

ಹೆಂಗಸರು ಒಟ್ಟಾದರು. ರತ್ನಮ್ಮ ಎಂಬ ಗಟ್ಟಿಗಿತ್ತಿ ಮುಂದೆ ನಿಂತಳು. ದಾವಣಗೆರೆಗೆ ಹೋಗಿ ಅರ್ಜಿ ಕೊಟ್ಟು ಬಂದೆವು. ಅಧಿಕಾರಿ ಬಂದು ಕೇಳಿದರೆ ಇರುವುದನ್ನು ಇದ್ದ ಹಾಗೆ ಹೇಳುವುದೆಂದು ಮಾತಾಯಿತು. "ನಿನ್ನ ಮಾತಿಗೆ ತೂಕ ಐತೆ ಭಾಗ್ಯ, ನೀನು ಪಿಯುಸಿ ಓದಿದವಳು. ನೀನು ಕೊನೀಗೆ ಹೋಗಿ ಎಲ್ಲಾನೂ ಸರಿಯಾಗಿ ಹೇಳು" ಎಂದು ರತ್ನಮ್ಮ ನನ್ನನ್ನು ಕೊನೆಗೆ ಇರಿಸಿದಳು.

ಅಧಿಕಾರಿ ಬರುವ ದಿನ ಬೆಳಿಗ್ಗೆ ಮ್ಯಾನೇಜರ್ ನನ್ನನ್ನು ಕರೆದ. ಬೈಯಲಿಲ್ಲ. ಟೀ ತರಿಸಿದ. ಕೂಲಿ ಏರಿದರೆ ಮಾಲೀಕರು ದೊಡ್ಡ ಮಿಷನ್ ತಂದು ಅರ್ಧ ಜನರನ್ನು ಬಿಡಿಸುತ್ತಾರೆ ಎಂದ. ಆಮೇಲೆ, "ಆಫೀಸಿನಾಗೆ ಒಬ್ಬರು ಬೇಕಾಗ್ಯಾರೆ. ಓದಿದವಳು ನೀನು, ಬೆಲ್ಟ್ ಮುಂದೆ ನಿಲ್ಲೋಳಲ್ಲ. ಕೂತು ಮಾಡೋ ಕೆಲಸ. ಇದು ಹೊಲದ ಕೆಲಸ, ಸುಗ್ಗೀಗೆ ಮಾತ್ರ ಬರ್ತೀವಿ ಅಂದ್ರೆ ಸಾಕು" ಎಂದ.

ಮಗು ಚಿಕ್ಕದಿತ್ತು, ಗಂಡನ ದುಡಿಮೆ ಸಾಲುತ್ತಿರಲಿಲ್ಲ — ಹಾಗೆಂದು ನನಗೆ ನಾನೇ ಎಷ್ಟೋ ವರ್ಷ ಹೇಳಿಕೊಂಡೆ. ನಿಜ ಅದಲ್ಲ. ಮಗು ಎಲ್ಲರಿಗೂ ಇತ್ತು. ನನಗೆ ಆ ಕುರ್ಚಿ ಬೇಕಾಗಿತ್ತು. ಫ್ಯಾನಿನ ಕೆಳಗೆ ಕೂತು, ಮೈಗೆ ಧೂಳು ಹತ್ತದೆ, ಉಳಿದವರು ನನ್ನನ್ನು 'ಮೇಡಂ' ಎನ್ನುವುದು ಬೇಕಾಗಿತ್ತು. ಇಷ್ಟು ಸಣ್ಣದು ಅದು.

ಅಧಿಕಾರಿ ಆಫೀಸಿನ ಬಾಗಿಲು ಹಾಕಿಸಿ ಒಬ್ಬೊಬ್ಬರನ್ನೇ ಕರೆದರು. ಒಳಗೆ ಹೋದವರಲ್ಲಿ ಗಂಗಿಬಾಯಿ ಬಹಳ ಹೊತ್ತು ಇದ್ದಳು. ಹೊರಬಂದಾಗ ನಗುತ್ತಿದ್ದಳು. "ಸಾಹೇಬ ಒಳ್ಳೆಯವನು, ಕುಡಿಯಾಕೆ ನೀರು ಕೊಟ್ಟ" ಎಂದಳು.

ಕೊನೆಗೆ ನಾನು. ಅವರು ದಣಿದಿದ್ದರು. "ನೀನು ಓದಿದವಳಂತೆ. ಒಬ್ಬೊಬ್ಬರು ಒಂದೊಂದು ಥರ ಹೇಳ್ತಿದ್ದಾರೆ. ನೀನಾದರೂ ಸ್ಪಷ್ಟವಾಗಿ ಹೇಳಮ್ಮ" ಎಂದರು.

"ಇದು ಹೊಲದ ಕೆಲಸಾನೇ ಸರ್. ಸುಗ್ಗಿ ಟೈಮಿಗೆ ಬರ್ತೀವಿ, ಹೋಗ್ತೀವಿ. ಇವರಿಗೆ ಗೊತ್ತಾಗಲ್ಲ… ಯಾರೋ ಹೇಳಿಕೊಟ್ಟಿದ್ದನ್ನ ಹೇಳ್ತಾರೆ."

ಅವರು ನನ್ನ ಮುಖ ನೋಡಿ, ಹೇಳಿದ್ದನ್ನು ಬರೆದುಕೊಂಡರು. ಇನ್ನೊಂದು ಪ್ರಶ್ನೆ ಕೇಳಿದ್ದರೆ — ಕೇಳಲಿಲ್ಲ.

ಓದಿದವಳೆಂದು ಅವರು ನನ್ನ ಮಾತನ್ನೇ ನಂಬಿದರು, ಅರ್ಜಿ ಅಲ್ಲಿಗೇ ಮುಗಿಯಿತು. ಕೂಲಿ ಏರಲಿಲ್ಲ. ಮ್ಯಾನೇಜರ್ ಎಲ್ಲರನ್ನೂ ನಿಲ್ಲಿಸಿ, "ನಿಮ್ಮವರೇ ಒಬ್ಬರು ಹೊಲದ ಕೆಲಸ ಅಂದ್ರಂತೆ, ನಾನೇನ್ ಮಾಡ್ಲಿ?" ಎಂದು ನಕ್ಕ. ಯಾರೆಂದು ಹೇಳಲಿಲ್ಲ. ಅದು ಅವನ ಜಾಣತನ. ಹೆಂಗಸರು ಒಬ್ಬರನ್ನೊಬ್ಬರು ನೋಡತೊಡಗಿದರು.

ಆ ಸಂಜೆ ಬಸ್ಸಿಗೆ ಕಾಯುವಾಗ ರತ್ನಮ್ಮ ನನ್ನ ಬಳಿ ಬಂದಳು. "ಯಾರಿರಬಹುದು ಭಾಗ್ಯ? ನಿನಗೇನಾದ್ರೂ ಗೊತ್ತೈತಾ?"

ನಾನು ಕಣ್ಣು ತಪ್ಪಿಸಿದೆ. "ನಾನ್ ಹೆಂಗೆ ಹೇಳ್ಲಿ ಅಕ್ಕಾ… ಗಂಗಿಬಾಯಿಗೆ ಕನ್ನಡ ಸರಿಯಾಗಿ ಬರಲ್ಲ ನೋಡು. ಒಳಗೆ ಬಹಳ ಹೊತ್ತು ಇದ್ಲು."

ಅಷ್ಟೇ. ಎರಡು ಮಾತು, ಎರಡೂ ನಿಜ. ಅವಳಿಗೆ ಕನ್ನಡ ಸರಿಯಾಗಿ ಬರುತ್ತಿರಲಿಲ್ಲ. ಒಳಗೆ ಬಹಳ ಹೊತ್ತು ಇದ್ದದ್ದೂ ಹೌದು. ಅಧಿಕಾರಿಯ ಮುಂದೆ ಆಡಿದ ಸುಳ್ಳಿಗಿಂತ ಈ ನಿಜ ನನ್ನನ್ನು ಹೆಚ್ಚು ಸುಡುತ್ತದೆ.

ಯಾರೂ ಅವಳೊಡನೆ ಜಗಳ ಮಾಡಲಿಲ್ಲ. ಮಾಡಿದ್ದರೆ ಅವಳೂ ಉತ್ತರ ಕೊಡುತ್ತಿದ್ದಳೇನೋ. ಮಾತು ಬಿಟ್ಟರು, ಅಷ್ಟೆ. ಊಟದ ಹೊತ್ತಿಗೆ ಅವಳು ಬಂದು ಕೂತರೆ ಡಬ್ಬಿ ಎತ್ತಿಕೊಂಡು ಬೇರೆ ಕಡೆ ಹೋಗುವರು. ಮಗಳ ಮದುವೆಗೆ ಎಲ್ಲರನ್ನೂ ಕೈಹಿಡಿದು ಕರೆದಳು, ಒಬ್ಬರೂ ಹೋಗಲಿಲ್ಲ. ನಾನೂ ಹೋಗಲಿಲ್ಲ. ಅಷ್ಟು ಹೊತ್ತಿಗೆ ನನಗೆ ಆಫೀಸಿನಲ್ಲಿ ಕುರ್ಚಿ ಸಿಕ್ಕಿತ್ತು. ಓದಿದ್ದಕ್ಕೆ ಸಿಕ್ಕಿತು ಎಂದು ಎಲ್ಲರೂ ಸಂತೋಷಪಟ್ಟರು. ಮಗಳ ಮದುವೆಯಾಗಿ ಕೆಲವೇ ದಿನಕ್ಕೆ ಗಂಗಿಬಾಯಿ ಕೆಲಸ ಬಿಟ್ಟು ಅವಳ ಜೊತೆ ಚನ್ನಗಿರಿಗೆ ಹೋದಳು. ಹೋಗುವಾಗ ಆಫೀಸಿನ ಕಿಟಕಿಯ ಹತ್ತಿರ ಬಂದು ನಿಂತಿದ್ದಳು. ನಾನು ಫೋನು ಕಿವಿಗೆ ಹಿಡಿದು ಮಾತಾಡುವವಳಂತೆ ನಟಿಸಿದೆ.

ವರ್ಷಗಳು ಹೋದವು. ನನ್ನ ಮಗು ಈಗ ಹೈಸ್ಕೂಲು. ಹೀಗೇ ಮುಚ್ಚಿಟ್ಟುಕೊಂಡು ಸಾಯುತ್ತಿದ್ದೆನೋ ಏನೋ. ಆದರೆ ಹೋದ ಬೇಸಿಗೆಯಲ್ಲಿ ಹೆಂಗಸರು ಮತ್ತೆ ಅರ್ಜಿ ಕೊಡುವ ಮಾತು ತೆಗೆದರು. ಯಾರ್ಯಾರು ಹೋಗಬೇಕು ಎಂದು ಚರ್ಚೆ ನಡೆದಿತ್ತು. ಬೆಲ್ಟಿಗೆ ಹೊಸದಾಗಿ ಸೇರಿದ್ದ ಸಾವಿತ್ರಿಬಾಯಿ, ಎರಡು ಮಕ್ಕಳ ತಾಯಿ, "ನಾನೂ ಬರ್ತೀನಿ" ಎಂದಳು.

ರತ್ನಮ್ಮ ತಲೆ ಅಲ್ಲಾಡಿಸಿದಳು. "ನೀನು ಬ್ಯಾಡವ್ವ. ತಾಂಡಾದೋರಿಗೆ ಮಾತು ತಪ್ಪುತೈತೆ. ಒಂದ್ಸಲ ಗಂಗಿಬಾಯಿ ನಮ್ಮನ್ನ ಮುಳುಗಿಸಿದ್ದು ಸಾಕು."

ಸಾವಿತ್ರಿಬಾಯಿ ಮುಖ ತಗ್ಗಿಸಿದಳು. ಅವಳಿಗೆ ಗಂಗಿಬಾಯಿ ಯಾರೆಂದೂ ಗೊತ್ತಿಲ್ಲ. ನಾನು ಆಡಿದ ಮಾತು ಗಂಗಿಬಾಯಿಯೊಡನೆ ಮುಗಿಯುತ್ತದೆ ಎಂದುಕೊಂಡಿದ್ದೆ. ಅದು ಇನ್ನೂ ಬದುಕಿ, ಬೇರೆಯವರ ಬಾಯಿಂದ ಬಂದು, ಬೇರೊಬ್ಬಳ ತಲೆ ತಗ್ಗಿಸಿತ್ತು. ಮಾರನೆಯ ದಿನ ರಜೆ ಹಾಕಿ ಚನ್ನಗಿರಿಗೆ ಹೊರಟೆ.

ಮನೆ ಹುಡುಕಲು ಕಷ್ಟವಾಗಲಿಲ್ಲ. ಗಂಗಿಬಾಯಿ ಜಗುಲಿಯ ಮೇಲೆ ಕೂತು ಮೊಮ್ಮಗಳ ತಲೆ ಬಾಚುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು. ಕನ್ನಡದಲ್ಲಿ ಮಾತಾಡಲಿಲ್ಲ, ಮೊಮ್ಮಗಳ ಕಿವಿಯಲ್ಲಿ ಏನೋ ಹೇಳಿದಳು. ಹುಡುಗಿ, "ಕೂತ್ಕೋಬೇಕಂತೆ, ನೀರು ಕೊಡ್ಲಾ ಅಂತ ಕೇಳ್ತಾಳೆ" ಎಂದಳು. ಗಂಗಿಬಾಯಿಯ ಮಗಳು ಒಳಗಿನಿಂದ ಬಂದು, "ನಮ್ಮವ್ವ ಹೊರಗಿನೋರ ಹತ್ರ ಕನ್ನಡ ಮಾತಾಡಲ್ಲ ರೀ. ಆಸ್ಪತ್ರೆಗೆ ಹೋದ್ರೂ ನಾವೇ ಹೇಳಬೇಕು. ಬಂದಾಗಿನಿಂದ ಹಿಂಗೇ" ಎಂದಳು.

ನಿಂತಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಟೀ ಕುಡಿದದ್ದು, ಕುರ್ಚಿ, ಅಧಿಕಾರಿಗೆ ಹೇಳಿದ್ದು, ಬಸ್ಸಿಗೆ ಕಾಯುವಾಗ ರತ್ನಮ್ಮನಿಗೆ ಹೇಳಿದ್ದು. ಗಂಗಿಬಾಯಿ ಬಾಚಣಿಗೆ ಹಿಡಿದೇ ಮತ್ತೆ ಜಗುಲಿಯ ಮೇಲೆ ಕೂತಳು. ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು.

ಅವಳು ಕನ್ನಡದಲ್ಲಿ ಮಾತಾಡಿದಳು. ಒಂದೊಂದೇ ಪದ ಹುಡುಕಿ ತೆಗೆದಂತೆ.

"ನಾನೇ ತಪ್ಪು ಹೇಳೀನಿ ಅಂತ… ತಿಳಕೊಂಡಿದ್ದೆ. ಎಲ್ಲರ ಕೂಲಿ ನಾನೇ ಕಳೆದೆ ಅಂತ."

ನಾನು ಇದನ್ನು ಯೋಚಿಸಿರಲಿಲ್ಲ. ಅವಳು ನಿರಪರಾಧಿ ಎಂಬುದು ಅವಳಿಗಾದರೂ ಗೊತ್ತಿದೆ, ಮನಸ್ಸಿನಲ್ಲಿ ನಮ್ಮನ್ನು ಶಪಿಸಿಕೊಂಡು ಬದುಕಿದ್ದಾಳೆ ಎಂದುಕೊಂಡಿದ್ದೆ. ಅವಳು ಇಷ್ಟೂ ವರ್ಷ ತನ್ನ ನಾಲಿಗೆಯನ್ನೇ ಶಪಿಸಿಕೊಂಡಿದ್ದಳು.

"ನಾನು ಸಾಹೇಬಗೆ ಹೇಳಿದ್ದು ಹೇಳ್ತೀನಿ, ಕೇಳು" ಎಂದಳು. "ಮಿಷನ್ ಮುಂದೆ ನಿಂತೀವಿ ಸಾಹೇಬ. ಮಳೆಗಾಲನೂ ನಿಂತೀವಿ, ಬ್ಯಾಸಿಗೆನೂ ನಿಂತೀವಿ. ಹೊಲ ಬ್ಯಾರೆ, ಇದು ಬ್ಯಾರೆ. ಹಿಂಗಂದೆ. ಇದರಾಗೆ ತಪ್ಪು ಯಾವುದು?"

"ತಪ್ಪಿಲ್ಲ ಅಕ್ಕಾ. ಸರಿಯಾಗೇ ಹೇಳೀದಿ."

"ಒಂದೂ ತಪ್ಪಿಲ್ಲ?"

"ಒಂದೂ ಇಲ್ಲ."

ಅವಳು ಮಗಳ ಕಡೆ, ಆಮೇಲೆ ಮೊಮ್ಮಗಳ ಕಡೆ ನೋಡಿದಳು. "ಕೇಳಿದಿರಾ?" ಎಂದಳು. ಕಣ್ಣೀರು ಬರತೊಡಗಿತು, ಒರೆಸಿಕೊಳ್ಳಲಿಲ್ಲ. ನಾನು ಕಾಲು ಮುಟ್ಟಲು ಬಗ್ಗಿದೆ. ಅವಳು ಕಾಲು ಹಿಂದಕ್ಕೆ ಎಳೆದುಕೊಂಡಳು.

"ನನಗ್ಯಾಕೆ ಹೇಳ್ತೀ? ಅವರಿಗೆ ಹೇಳಿದೀಯಾ?"

"ಇಲ್ಲ."

"ಹಂಗಾದ್ರೆ ಹೋಗು."

ಬೇರೇನೂ ಹೇಳಲಿಲ್ಲ. ಕ್ಷಮಿಸಿದೆ ಎನ್ನಲಿಲ್ಲ. ನಾನು ಕೇಳಲೂ ಇಲ್ಲ.

ಮರುದಿನ ಊಟದ ಹೊತ್ತಿನಲ್ಲಿ ಬೆಲ್ಟಿನ ಹತ್ತಿರ ನಿಂತು ಎಲ್ಲರಿಗೂ ಹೇಳಿದೆ. ಮೊದಲು ಯಾರಿಗೂ ಅರ್ಥವಾಗಲಿಲ್ಲ; ಎರಡನೆಯ ಸಲ ಹೇಳಬೇಕಾಯಿತು. ರತ್ನಮ್ಮ ಕೈಯಲ್ಲಿದ್ದ ತುತ್ತನ್ನು ಡಬ್ಬಿಗೆ ಹಾಕಿ ಎದ್ದು ನನ್ನ ಮುಂದೆ ಬಂದಳು. ಹೊಡೆಯುತ್ತಾಳೆ ಅನ್ನಿಸಿತು.

"ಅವಳು ಮದುವೆಗೆ ಕರೆದಾಗ ನನ್ನ ಕೈ ಹಿಡ್ಕಂಡಿದ್ಲು," ಎಂದಳು. "ನಾನು ಕೊಡವಿಬಿಟ್ಟೆ. ಅದನ್ನ ಈಗ ಏನ್ ಮಾಡ್ಲಿ ಹೇಳು?"



ಆಮೇಲಿನದು ಚಿಕ್ಕದು. ಕಾರ್ಮಿಕ ಇಲಾಖೆಗೆ ಹೋಗಿ, ಅಂದು ಹೇಳಿದ್ದು ಸುಳ್ಳು, ಇದು ವರ್ಷವಿಡೀ ನಡೆಯುವ ಮಿಷನ್ ಕೆಲಸ ಎಂದು ಹೇಳಿಕೆ ಕೊಟ್ಟೆ. ಆಫೀಸಿನ ಕೆಲಸ ಹೋಯಿತು. ಹೋಗಬೇಕಾದದ್ದೇ. ಹೆಂಗಸರ ಹೊಸ ಅರ್ಜಿ ಇನ್ನೂ ತೀರ್ಮಾನವಾಗಿಲ್ಲ. ಅವರ ಪರವಾಗಿ ಮಾತಾಡಲು ಸಾವಿತ್ರಿಬಾಯಿಯೂ ಹೋಗಿಬಂದಿದ್ದಾಳೆ. ನನ್ನನ್ನು ಎಲ್ಲಿಗೆ ಕರೆದರೂ, ಎಷ್ಟು ಸಲ ಕರೆದರೂ ಹೋಗಿ ಇದನ್ನೇ ಹೇಳುತ್ತೇನೆ. ಅಷ್ಟು ವರ್ಷ ಕಡಿಮೆ ಪಡೆದವರ ಕೂಲಿ ಅದರಿಂದ ಹಿಂದಕ್ಕೆ ಬರುವುದಿಲ್ಲ ಎಂಬುದೂ ಗೊತ್ತು.

ಹೋದ ಭಾನುವಾರ ರತ್ನಮ್ಮ ಒಂದು ಟೆಂಪೋ ಮಾಡಿಸಿದಳು. ಹಳೆಯ ಹೆಂಗಸರೆಲ್ಲ ಗಂಗಿಬಾಯಿಯನ್ನು ನೋಡಲು ಚನ್ನಗಿರಿಗೆ ಹೊರಟರು. ಗಾಡಿ ನಮ್ಮ ಮನೆಯ ಮುಂದೆಯೇ ಹಾದುಹೋಯಿತು. ಬಾಗಿಲಲ್ಲಿ ನಿಂತಿದ್ದೆ. ಯಾರೂ ನನ್ನನ್ನು ಕರೆಯಲಿಲ್ಲ. ಅಲ್ಲಿ ಅವರು ಏನು ಮಾತಾಡಿದರು, ಅವಳು ಅವರಿಗೆ ಏನೆಂದಳು, ಯಾವ ಭಾಷೆಯಲ್ಲಿ ಅಂದಳು — ನನಗೆ ಗೊತ್ತಿಲ್ಲ. ಕೇಳುವ ಹಕ್ಕು ನನಗಿಲ್ಲ.