ಫಾದರ್‌ಗಾಗಿ ಕಾದ ದಿನ

ಅಪ್ಪ ಅಮ್ಮನ ಮದುವೆ ಚರ್ಚಿನಲ್ಲಿ ಯಾವತ್ತೂ ಆಗುವುದಿಲ್ಲ ಎಂದವರು ಅಮ್ಮನ ಅಣ್ಣ, ನನ್ನ ಸೋದರಮಾವ. ಅಪ್ಪ ಅಮ್ಮ ಇಬ್ಬರೂ ಕ್ರೈಸ್ತರೇ. ಅಮ್ಮನ ಮನೆಯವರು ಒಪ್ಪದೆ ಹೋದದ್ದಕ್ಕೆ ಸಕಲೇಶಪುರದ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಹಿ ಹಾಕಿ, ಹೆತ್ತೂರು ಕಡೆಯ ಎಸ್ಟೇಟಿನಲ್ಲಿ ಕೂಲಿಯವರ ಲೈನ್ ಮನೆ ಸೇರಿದ್ದರು. ಸರ್ಕಾರಕ್ಕೆ ಅದು ಮದುವೆ, ನಮ್ಮ ಧರ್ಮಸಭೆಗೆ ಅಲ್ಲ. ಚರ್ಚಿನ ಫಾದರ್, ಇಲ್ಲವೇ ಅವರು ಅಧಿಕಾರ ಕೊಟ್ಟ ಇನ್ನೊಬ್ಬ ಗುರು ಎದುರು ನಿಂತು ಇಬ್ಬರ ಒಪ್ಪಿಗೆ ಕೇಳಬೇಕು. ಜೊತೆಗೆ ಇಬ್ಬರು ಸಾಕ್ಷಿಗಳಿರಬೇಕು. ಇದಾಗಿರಲಿಲ್ಲವಾದ್ದರಿಂದ ಪೂಜೆಯಲ್ಲಿ ಎಲ್ಲರೂ ಪರಮಪ್ರಸಾದ ತೆಗೆದುಕೊಳ್ಳಲು ಎದ್ದಾಗ ಅಮ್ಮ ಬೆಂಚಿನಲ್ಲೇ ಉಳಿಯುತ್ತಿದ್ದಳು.

ಅಪ್ಪನಿಗೆ ನಾಚಿಕೆ. “ಮಗಳು ಮದುವೆ ವಯಸ್ಸಿಗೆ ಬಂದವ್ಳೆ, ಈಗ ಇವ್ನು ಹಾರ ಹಾಕ್ಕಂಡು ನಿಂತ್ಕತಾನಾ?” ಎಂದು ಮಾವ ಆಡಿಕೊಳ್ಳುತ್ತಿದ್ದರು.

ನಾನು ಬಿಡಲಿಲ್ಲ. ರಜೆಯಲ್ಲಿ ಕಾಫಿ ಹಣ್ಣು ಕುಯ್ದು ಫೀಸು ಕಟ್ಟಿ ಓದಿದವಳು, ಆ ಲೈನಿನಲ್ಲಿ ಮೊದಲ ಡಿಗ್ರಿ ನನ್ನದು. ಹೇಳಿಕೊಳ್ಳುವುದಕ್ಕೆ ನನಗೇನೂ ಸಂಕೋಚವಿಲ್ಲ. ಅಪ್ಪನನ್ನು ಒಪ್ಪಿಸಿದೆ, ಫಾದರ್ ಬಳಿ ಮಾತಾಡಿದೆ. ಅಷ್ಟರಲ್ಲಿ ಅಪ್ಪ ಕಾಯಿಲೆ ಬಿದ್ದು ಮಲಗಿದರು. ಹಾಸನದ ಆಸ್ಪತ್ರೆಯವರು ಮನೆಗೆ ಕರೆದುಕೊಂಡು ಹೋಗಿ ಅಂದರು. ಫಾದರ್ ಮನೆಗೇ ಬಂದು ಮದುವೆ ಮಾಡಿಸುತ್ತೇನೆಂದು ಜೀಪಿನಲ್ಲಿ ಹೊರಟರು. ದಾರಿಯಲ್ಲಿ ಗುಡ್ಡ ಜರಿಯಿತು, ರಸ್ತೆ ಮುಚ್ಚಿತು. ಫೋನೂ ಸತ್ತಿತು.

ಲೈನಿನಲ್ಲಿ ಪ್ರಾರ್ಥನೆ ನಡೆಸುವ ಉಪದೇಶಿ ಬಂದಿದ್ದರು, ಮಾವನೂ ಇದ್ದರು. ನೀವೇ ಮಾಡಿಸಿಬಿಡಿ ಎಂದು ಉಪದೇಶಿಯನ್ನು ಕೇಳಿದೆ.

“ಜಪಸರ ಹೇಳ್ತೀನಿ ಕಣವ್ವ. ಮದುವೆ ಮಾಡ್ಸೋ ಅಧಿಕಾರ ನಂಗಿಲ್ಲ. ನಾನು ನಿಂತು ಮಾಡ್ಸಿದ್ರೆ ಅದು ಮದುವೇನೇ ಅಲ್ಲ.”

ಅದು ಸರಿಯೇ ಎಂದು ನಮಗೆಲ್ಲ ಗೊತ್ತಿತ್ತು. ಹಾಸಿಗೆಯ ಸುತ್ತ ಕೂತು ಜಪಸರ ಹೇಳಿದೆವು, ಜೀಪಿನ ಸದ್ದಿಗೆ ಕಿವಿಗೊಟ್ಟೆವು. ಸಂಜೆ ದೀಪ ಹಚ್ಚುವ ಹೊತ್ತಿಗೆ ಅಪ್ಪ ಹೋದರು.

ಮರುದಿನ ರಸ್ತೆ ಬಿಡಿಸಿಕೊಂಡು ಬಂದ ಫಾದರ್ ಮಣ್ಣು ಮಾಡಿಸಿದರು. ಆಮೇಲೆ ನಾನು ನಡೆದದ್ದನ್ನೆಲ್ಲ ಹೇಳಿದೆ. ಫಾದರ್ ಹೇಳಿದರು: ಸಾವು ಹತ್ತಿರವಾಗಿ, ಗುರು ಬರಲಾಗದೆ ಹೋದಾಗ, ಇಬ್ಬರು ಸಾಕ್ಷಿಗಳ ಮುಂದೆ ಗಂಡು ಹೆಣ್ಣು ತಮ್ಮ ಬಾಯಲ್ಲೇ ಒಪ್ಪಿಗೆ ಹೇಳಿಕೊಂಡರೆ ಸಾಕು. ಮಾಡಿಸುವವರೇ ಬೇಡ. ಅದು ಪೂರ್ತಿ ಮದುವೆ.

ಈಗ ಏನಾದರೂ ದಾರಿ ಇದೆಯಾ ಎಂದೆ. ಸತ್ತವರ ಜೊತೆ ಮದುವೆ ಇಲ್ಲ, ಅಂದರು. ಅಮ್ಮ ಪಾಪನಿವೇದನೆ ಮಾಡಿ ಇನ್ನು ಪರಮಪ್ರಸಾದ ತೆಗೆದುಕೊಳ್ಳಬಹುದು, ಈಗ ಅಡ್ಡಿಯಿಲ್ಲ, ಅಂದರು. ಅವರು ಮೆಲ್ಲಗೇ ಹೇಳಿದ್ದು. ಆದರೆ ಅಮ್ಮನಿಗೆ ಬೇಕಿದ್ದದ್ದು ದೇವರ ಮುಂದೆ ಅಪ್ಪನ ಹೆಂಡತಿ ಅನ್ನಿಸಿಕೊಳ್ಳುವುದು. ಅಪ್ಪನೇ ಅಡ್ಡಿಯಾಗಿದ್ದ ಹಾಗಾಯಿತು.

ಕೆಲವು ದಿನ ಬಿಟ್ಟು ಅಮ್ಮನನ್ನು ಕರೆದುಕೊಂಡು ಚರ್ಚಿಗೆ ಹೋದೆ. ಫಾದರ್ ಅಪ್ಪನನ್ನು ಮಣ್ಣು ಮಾಡಿದ ಸರ್ಟಿಫಿಕೇಟಿಗೆ ಮೊಹರು ಒತ್ತಿ ಅಮ್ಮನ ಕೈಗೆ ಕೊಟ್ಟರು. ಅವಳಿಗೆ ಓದಲು ಬಾರದು. ಮಡಿಚಿ ನನ್ನ ಕೈಗಿಟ್ಟಳು.

“ಆವತ್ತು ನಿಮ್ಮಪ್ಪಂಗೆ ಮಾತು ಬರ್ತಿತ್ತು ಕಣವ್ವ,” ಅಂದಳು. “ನೀರು ಕೇಳಿ ಕುಡುದ್ರು.”